ಕಾಲದೋಷವೋ, ನಮ್ಮ ದೋಷವೋ?

2017ರ ಅಕ್ಟೋಬರ್ 13ರ ರಾತ್ರಿ ನಮ್ಮ ಕುರುಬರಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಹರಿಯಿತು. ಜನ ನೀರಿನಲ್ಲಿ ಕೊಚ್ಚಿಹೋದರು, ಮನೆಯ ಗೋಡೆ ಕುಸಿದು ಜೀವಹಾನಿಯಾಯಿತು. ಇಂಥ ಹೊತ್ತಿನಲ್ಲಿ ನಮ್ಮವರು ‘ಕಾಲದೋಷ’ ಎಂದು ಕೈತೊಳೆದುಕೊಳ್ಳುತ್ತಾರೆ. ಇದನ್ನು ನಾನು ಒಪ್ಪಲಾರೆ. ಇದು ಬಾಕಿಯನ್ನು ಬೇರೆಯವರ ಖಾತೆಗೆ ಬರೆಯುವ ವ್ಯಾಪಾರಿಯ ಜಾಣತನ.

ಕಾಲುವೆಯ ಒತ್ತುವರಿ ಒಂದು ಕಾರಣ, ನಿಜ. ಆದರೆ ಆಕಾಶದ ಲೆಕ್ಕವೂ ಕೆಟ್ಟಿದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ನಾವು ಹೆಚ್ಚಿಸಿದ ಉಷ್ಣದ ಶೇಕಡಾ 90ರಷ್ಟನ್ನು ಸಮುದ್ರವೇ ನುಂಗಿದೆ. ಕಾದ ಕಡಲಿನಿಂದ ಆವಿ ಹೆಚ್ಚಾಗಿ ಏಳುತ್ತದೆ. ತಿಂಗಳ ಮಳೆ ಒಂದೇ ರಾತ್ರಿ ಸುರಿಯುವಂತಾಗುತ್ತದೆ. ಇತ್ತ ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಸೊರಗುವುದುಂಟು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು; ಮರುಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿತು. ಎಲ್ ನಿನೋ ಪ್ರಕೃತಿಸಹಜವೆನ್ನುವಿರಾ? ಹೌದು, ಆದರೆ ಕಾದ ಭೂಮಿಯಲ್ಲಿ ಅದರ ಬರ ಇನ್ನಷ್ಟು ಕ್ರೂರ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಬೆರೆಯುವ ಸಿಹಿನೀರು ಅಟ್ಲಾಂಟಿಕ್ ಸಾಗರದ ಮಹಾಪ್ರವಾಹವನ್ನು ಮಂದಗೊಳಿಸುತ್ತದೆ. ಅದು ಕುಸಿದುಬಿದ್ದರೆ ನಮ್ಮ ಮುಂಗಾರೂ ದುರ್ಬಲವಾಗಬಹುದೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ನೀರನ್ನು ಸೋಸಿ ಕುಡಿಯುವ ಮನೆತನಗಳು ನಮ್ಮವು. ಬಟ್ಟೆಯ ಎಳೆಯಲ್ಲಿ ಸೂಕ್ಷ್ಮಜೀವಿಯನ್ನು ಕಾಯುವ ನಾವು, ಮದುವೆಮಂಟಪದಲ್ಲಿ ರಾತ್ರಿಯಿಡೀ ಜನರೇಟರ್ ಓಡಿಸಿ, ಮನೆಗೆ ಮೂರನೆಯ ಕಾರು ತಂದು, ಕಡಲನ್ನೇ ಕಾಯಿಸುವುದು ಯಾವ ಅಹಿಂಸೆ? ಪರಿಗ್ರಹ ಪರಿಮಾಣ ವ್ರತದಲ್ಲಿ ಚಿನ್ನಕ್ಕೆ, ಭೂಮಿಗೆ ಮಿತಿ ಹಾಕಿಕೊಳ್ಳುವವರು ಇಂಧನಕ್ಕೂ ಮಿತಿ ಹಾಕಿಕೊಳ್ಳಲಿ. ಈ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಅದಕ್ಕೊಂದು ಪುಟವಿರಲಿ.