ಶಕ್ತಿ ಮತ್ತು ಯುಕ್ತಿ

'ಶಕ್ತಿಗಿಂತ ಯುಕ್ತಿ ಮೇಲು' ಎಂಬುದು ಕನ್ನಡಿಗರ ಮನೆಮಾತು. ಕೃಶಕಾಯನಾದ ಜಟ್ಟಿಯೊಬ್ಬನು ಭಾರಿ ಆಳನ್ನು ಚಿತ್ ಮಾಡಿದಾಗ ಅಖಾಡದ ಸುತ್ತ ನೆರೆದ ಜನರು ಹರ್ಷದಿಂದ ಕೂಗುವುದು ಈ ಮಾತಿನ ಮೇಲಿನ ನಂಬಿಕೆಯಿಂದಲೇ. ಆದರೆ ಈ ಮಾತು ಎಷ್ಟರ ಮಟ್ಟಿಗೆ ನಿಜ? ಜಪಾನಿನ ಜೂಡೋ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಜೂಡೋ ವಿದ್ಯೆಯ ಜನಕರಾದ ಜಿಗೊರೋ ಕಾನೋ ಬಾಲ್ಯದಲ್ಲಿ ಕುಳ್ಳಗೆ, ಬಡಕಲಾಗಿದ್ದರು. ಬಲಿಷ್ಠ ಹುಡುಗರ ಕಾಟವನ್ನು ತಾಳಲಾರದೆ ಅವರು ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆಯನ್ನು ಕಲಿಯತೊಡಗಿದರು. ಅಲ್ಲಿಯೂ ಸ್ಥೂಲಕಾಯನಾದ ಸಹಾಧ್ಯಾಯಿಯೊಬ್ಬನ ಎದುರು ಅವರಿಗೆ ಸೋಲೇ ಗತಿಯಾಯಿತು. ಕಾನೋ ಎದೆಗುಂದಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪಟ್ಟುಗಳನ್ನು ಓದಿ ತಿಳಿದರು. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಕೆಡಹುವ ಪಟ್ಟೊಂದನ್ನು ಸಾಧಿಸಿ, ಆ ಸ್ಥೂಲಕಾಯನನ್ನೇ ನೆಲಕ್ಕುರುಳಿಸಿದರು. 1882ರಲ್ಲಿ ಅವರು ಟೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಅವರು ಕಲಿಸಿದ ವಿದ್ಯೆಯ ತಿರುಳು ಸರಳವಾದುದು. ಬಲಶಾಲಿಯು ತಳ್ಳಿದಾಗ ದುರ್ಬಲನು ಎದುರು ತಳ್ಳಿದರೆ ಸೋಲುವುದು ನಿಶ್ಚಯ. ತಟಕ್ಕನೆ ಹಿಂದೆ ಸರಿದರೆ ತಳ್ಳಿದವನೇ ತೋಲ ತಪ್ಪಿ ಮುಗ್ಗರಿಸುತ್ತಾನೆ. ಅವನ ಬಲವೇ ಅವನಿಗೆ ಮುಳುವಾಗುತ್ತದೆ.

ಇಷ್ಟನ್ನೇ ಕೇಳಿದವರು ಯುಕ್ತಿಯೇ ಗೆದ್ದಿತೆಂದು ತೀರ್ಮಾನಿಸಬಹುದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಜೂಡೋ ಮೊದಲ ಬಾರಿಗೆ ಸ್ಥಾನ ಪಡೆಯಿತು. ತೂಕದ ಮಿತಿಯಿಲ್ಲದ ಮುಕ್ತ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನಿನ ಅಕಿಯೋ ಕಾಮಿನಾಗ ಅವರನ್ನು ಹಾಲೆಂಡಿನ ಆಂಟನ್ ಗೀಸಿಂಕ್ ನೆಲಕ್ಕೆ ಅದುಮಿ ಹಿಡಿದು ಸೋಲಿಸಿದರು. ಗೀಸಿಂಕ್ ಸುಮಾರು ಆರೂವರೆ ಅಡಿ ಎತ್ತರದ ಆಜಾನುಬಾಹು. ಯುಕ್ತಿಯ ತವರಿನಲ್ಲಿಯೇ ಗಾತ್ರವು ಗೆದ್ದಿತೆಂದು ಹೇಳುವುದು ಸುಲಭ. ಆದರೆ ಗೀಸಿಂಕ್ ಜಪಾನಿಗೇ ಹೋಗಿ ಅಭ್ಯಾಸ ಮಾಡಿ ಪಳಗಿದವರು, 1961ರಲ್ಲಿಯೇ ವಿಶ್ವವಿಜೇತರಾಗಿದ್ದವರು. ಅವರ ಗಾತ್ರದೊಡನೆ ವಿದ್ಯೆಯೂ ಕೂಡಿತ್ತು. ಗೆದ್ದ ಕ್ಷಣದಲ್ಲಿ ಸಂಭ್ರಮದಿಂದ ಕಣಕ್ಕೆ ನುಗ್ಗಿಬಂದ ತಮ್ಮ ನಾಡಿನವರನ್ನು ಅವರು ಕೈಯೆತ್ತಿ ತಡೆದರು. ಸೋತವರ ಮರ್ಯಾದೆಯನ್ನು ಕಾಯುವುದೂ ಆ ವಿದ್ಯೆಯ ಭಾಗವೆಂದು ಅವರು ಬಲ್ಲವರಾಗಿದ್ದರು.

ಹೀಗೆ ನಾಣ್ಣುಡಿಯು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಯುಕ್ತಿಯಿಲ್ಲದ ಶಕ್ತಿಯನ್ನು ಯುಕ್ತಿವಂತನು ಗೆಲ್ಲಬಲ್ಲನು. ಇಬ್ಬರ ಯುಕ್ತಿಯೂ ಸಮನಾದಾಗ ಶಕ್ತಿಯ ಕೈ ಮೇಲಾಗುವುದುಂಟು. ಜೂಡೋ ಸ್ಪರ್ಧಿಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸುವುದು ಈ ಕಾರಣದಿಂದಲೇ. 1984ರ ಬಳಿಕ ಒಲಿಂಪಿಕ್ ಕ್ರೀಡೆಗಳಿಂದ ಮುಕ್ತ ವಿಭಾಗವನ್ನೇ ಕೈಬಿಡಲಾಯಿತು.

ಹಾಗಾದರೆ ಸಣ್ಣ ದೇಹದವನು ನಿರಾಶನಾಗಬೇಕೆ? ಖಂಡಿತ ಇಲ್ಲ. ಎತ್ತರವು ಹುಟ್ಟಿನಿಂದ ಬರುವಂಥದು. ಅದನ್ನು ಯಾರೂ ದುಡಿದು ಗಳಿಸಲಾರರು. ವಿದ್ಯೆಯಾದರೋ ದುಡಿದವರಿಗೆಲ್ಲ ಒಲಿಯುತ್ತದೆ. ಕಾಟ ಕೊಟ್ಟವರನ್ನು ಕಂಡು ಹೆದರಿ ಮನೆಯಲ್ಲೇ ಕುಳಿತಿದ್ದರೆ ಕಾನೋ ಅವರ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಸೋತ ಮೇಲೂ ಅವರು ಗ್ರಂಥಾಲಯದ ಬಾಗಿಲು ತಟ್ಟಿದರು. ಅವರ ನಿಜವಾದ ಗೆಲುವು ಅಲ್ಲಿಂದಲೇ ಆರಂಭವಾಯಿತು.