ಪ್ರವಾಸದ ಬೈಕುಗಳಿಗೆ ರಾತ್ರಿಯ ನೆಲೆ

ಓಣಂ ರಜೆ ಬಂತೆಂದರೆ ಕಾಸರಗೋಡಿನ ಕಡೆಯಿಂದ ವಯನಾಡಿಗೆ ಹೊರಡುವ ಬೈಕುಗಳ ಸಾಲು ಬೆಳಗಿನ ಜಾವಕ್ಕೇ ಹೆದ್ದಾರಿ ಹಿಡಿಯುತ್ತದೆ. ಐವರು ಗೆಳೆಯರು, ಐದು ಬೈಕು, ಹಿಂದಿನ ಸೀಟಿಗೆ ಬಿಗಿದ ಚೀಲಗಳು. ಟಯರಿನ ಗಾಳಿ, ಎಂಜಿನ್ನಿನ ಎಣ್ಣೆ, ಬ್ರೇಕು, ಮಳೆಯಂಗಿ ಎಲ್ಲದರ ವಿಚಾರವೂ ಹಿಂದಿನ ದಿನವೇ ಆಗಿರುತ್ತದೆ. ರಾತ್ರಿ ಈ ವಾಹನಗಳು ಎಲ್ಲಿ, ಹೇಗೆ ನಿಲ್ಲಬೇಕೆಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ದಿನಕ್ಕೆ ಏಳು ಗಂಟೆ ಓಡಿದರೂ ಬೈಕು ಉಳಿದ ಹದಿನೇಳು ಗಂಟೆ ನಿಂತೇ ಇರುತ್ತದೆಯಷ್ಟೆ.

ಹಾಗೆ ಹೊರಟ ಬೈಕು ಹಲವು ವೇಳೆ ಮಗನದಲ್ಲ, ಮನೆಯದು. ಕಂತು ಇನ್ನೂ ತೀರಿರುವುದಿಲ್ಲ. ಹತ್ತಿರದ ಶಾಲೆಯಲ್ಲಿ ಕನ್ನಡ ವಿಭಾಗವಿಲ್ಲದ ಊರುಗಳಲ್ಲಿ ಕಿರಿಯ ಮಗಳನ್ನು ದೂರದ ಕನ್ನಡ ಶಾಲೆಗೆ ಮುಟ್ಟಿಸಿ ತಂದೆ ಕೆಲಸಕ್ಕೆ ಹೋಗುವುದು ಅದೇ ಬೈಕಿನಲ್ಲಿ. ಅದು ಹಿಂದಿರುಗದಿದ್ದರೆ ಸೋಮವಾರ ಬೆಳಿಗ್ಗೆ ಆ ಹುಡುಗಿಯೂ ಮನೆಯಲ್ಲಿ ಕುಳಿತಳೆಂದೇ ಅರ್ಥ.

ಕಲ್ಲಿಕೋಟೆಯ ದಾರಿಯಾಗಿ ಹೋದವರು ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳನ್ನು ಏರಿ ಲಕ್ಕಿಡಿಗೆ ಬಂದಾಗ ಸರಪಳಿ ಬಿಗಿದ ಮರವೊಂದನ್ನು ಕಾಣುತ್ತಾರೆ. ಘಾಟಿಯ ದಾರಿಯನ್ನು ಬ್ರಿಟಿಷ್ ಅಧಿಕಾರಿಗೆ ತೋರಿಸಿಕೊಟ್ಟ ಕರಿಂತಂಡನ್ ಎಂಬ ಆದಿವಾಸಿಯನ್ನು ಆ ಅಧಿಕಾರಿಯೇ ಕೊಂದನೆಂದೂ, ದಾರಿಹೋಕರನ್ನು ಕಾಡತೊಡಗಿದ ಅವನ ಆತ್ಮವನ್ನು ಈ ಮರಕ್ಕೆ ಕಟ್ಟಿಹಾಕಲಾಯಿತೆಂದೂ ಐತಿಹ್ಯ. ತರುಣರು ಮರದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವಾಗ ರಸ್ತೆಯ ಅಂಚಿನಲ್ಲಿ ಬೈಕುಗಳು ಕೀಲಿಸಹಿತ ನಿಂತಿರುತ್ತವೆ. ಆತ್ಮಕ್ಕೆ ಸರಪಳಿ ಉಂಟು, ಬೈಕಿಗೆ ಇಲ್ಲ!

ಗುಂಪಿನಲ್ಲಿ ಹೋದವರಿಗೆ ಒಂದು ಬಗೆಯ ಧೈರ್ಯವಿರುತ್ತದೆ. ಆ ಧೈರ್ಯದಲ್ಲೇ ತೊಡಕಿದೆ. ನಾಲ್ಕನೆಯವನು ನೋಡಿಕೊಂಡಾನೆಂದು ಐದನೆಯವನು ಮಲಗುತ್ತಾನೆ. ನಾಲ್ಕನೆಯವನು ಮೂರನೆಯವನನ್ನು ನಂಬಿರುತ್ತಾನೆ. ಇದಕ್ಕೆ ಮದ್ದು ಸರಳವಾದುದು. ಪ್ರತಿರಾತ್ರಿ ಒಬ್ಬನ ಪಾಳಿ. ಊಟವಾದ ಮೇಲೆ ಅವನು ಐದೂ ಹ್ಯಾಂಡಲುಗಳನ್ನು ತಾನೇ ಅಲುಗಾಡಿಸಿ ನೋಡಿ, ಐದೂ ಕೀಲಿಗಳನ್ನು ಎಣಿಸಿ ಕೋಣೆಯೊಳಗೆ ತರಬೇಕು. ಬೀಗ ಹಾಕಿದ್ದೇನೆಂದು ಬಾಯಲ್ಲಿ ಹೇಳಿದರೆ ಸಾಲದು.

ಹ್ಯಾಂಡಲಿನ ಬೀಗವೊಂದನ್ನೇ ನೆಚ್ಚುವಂತಿಲ್ಲ. ಬಲವಾಗಿ ತಿರುಚಿದರೆ ಅದು ಮುರಿಯುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಹಾಕುವ ಪುಟ್ಟ ಬೀಗ ಒಳ್ಳೆಯದೇ, ಆದರೆ ಬೆಳಿಗ್ಗೆ ಅದನ್ನು ಮರೆತು ಬೈಕನ್ನು ಮುಂದೊತ್ತಿದವನು ತಾನೂ ಬೀಳುತ್ತಾನೆ, ಬ್ರೇಕನ್ನೂ ಕೆಡಿಸುತ್ತಾನೆ. ಹ್ಯಾಂಡಲಿಗೆ ಒಂದು ಕೆಂಪು ದಾರ ಕಟ್ಟಿಕೊಂಡರೆ ನೆನಪಿರುತ್ತದೆ. ಗುಂಪಿಗೆ ಹೆಚ್ಚು ಒದಗುವುದು ದಪ್ಪ ಸರಪಳಿ. ಒಂಟಿ ಬೈಕನ್ನು ಇಬ್ಬರು ಎತ್ತಿ ಪಿಕಪ್ ವಾಹನಕ್ಕೆ ಹಾಕಿಬಿಡಬಲ್ಲರು. ಒಂದಕ್ಕೊಂದು ಬಿಗಿದ ಎರಡು ಮೂರು ಬೈಕುಗಳನ್ನು ಎತ್ತುವುದು ಅಷ್ಟು ಸುಲಭವಲ್ಲ. ಮುಂದಿನ ಚಕ್ರಕ್ಕಷ್ಟೇ ಸುತ್ತಿದರೆ ಚಕ್ರ ಬಿಚ್ಚಿ ಉಳಿದುದನ್ನು ಒಯ್ಯಬಹುದು. ಆದುದರಿಂದ ಸರಪಳಿ ಚೌಕಟ್ಟಿನ ಒಳಗಿಂದ ಹಾಯ್ದು ಕಂಬಕ್ಕೋ ಕಿಟಕಿಯ ಕಬ್ಬಿಣಕ್ಕೋ ಸೇರಬೇಕು. ಅದು ನೆಲಕ್ಕೆ ತಾಗಿರಬಾರದು; ನೆಲದ ಆಸರೆ ಸಿಕ್ಕರೆ ಸುತ್ತಿಗೆಯ ಕೆಲಸ ಹಗುರವಾಗುತ್ತದೆ.

ಕಳ್ಳನಿಲ್ಲದೆಯೂ ಬೈಕು ಕೆಡುವುದುಂಟು. ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ರಾತ್ರಿಯಿಡೀ ಮೆಲ್ಲಮೆಲ್ಲನೆ ಇಳಿಯುತ್ತದೆ. ಒತ್ತೊತ್ತಾಗಿ ನಿಲ್ಲಿಸಿದ ಸಾಲಿನಲ್ಲಿ ಒಂದು ಬಿದ್ದರೆ ಉಳಿದವೂ ಅದನ್ನೇ ಅನುಸರಿಸುತ್ತವೆ. ಕಾಲಿನಡಿಗೆ ಚಪ್ಪಟೆ ಕಲ್ಲು, ನಡುವೆ ಒಂದು ಹೆಜ್ಜೆಯ ಅಂತರ. ಸೆಂಟರ್ ಸ್ಟ್ಯಾಂಡ್ ಇದ್ದರೆ, ನೆಲ ಗಟ್ಟಿಯೂ ಸಮವೂ ಆಗಿದ್ದರೆ, ಅದೇ ಮೇಲು. ಇಳಿಜಾರಿನಲ್ಲಿ ಮುಖ ಏರಿನ ಕಡೆಗಿರಲಿ, ಗೇರು ಒಂದರಲ್ಲಿರಲಿ. ಇಳಿಮುಖವಾಗಿ ನಿಂತ ಬೈಕು ತುಸು ಮುಂದೆ ಸರಿದರೂ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ತೆಂಗಿನ ಮರದ ನೆರಳು ಬೇಡವೆಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ, ಆದರೂ ಪರವೂರಿನಲ್ಲಿ ಅವರೇ ಮರೆಯುತ್ತಾರೆ. ಘಾಟಿಯ ಕೋತಿಗಳಂತೂ ತಿಂಡಿಯ ವಾಸನೆಯುಳ್ಳ ಚೀಲವನ್ನು ಬಿಡುವುದಿಲ್ಲ.

ಲಾಡ್ಜುಗಳ ಅಂಗಳದಲ್ಲಿ ‘ವಾಹನಗಳು ಮಾಲೀಕರ ಹೊಣೆ’ ಎಂಬ ಫಲಕ ಕಾಣುತ್ತದೆ. 1998ರಲ್ಲಿ ದೆಹಲಿಯ ಹೋಟೆಲೊಂದರಿಂದ ಕಾರು ಕಳವಾದ ಪ್ರಕರಣದಲ್ಲಿ, ಕೀಲಿಸಮೇತ ವಾಹನವನ್ನು ಸಿಬ್ಬಂದಿಯ ವಶಕ್ಕೆ ಒಪ್ಪಿಸಿದ ಮೇಲೆ ಹೋಟೆಲು ಅಂಥ ಬರಹ ತೋರಿಸಿ ತನ್ನ ಅಜಾಗರೂಕತೆಯ ಹೊಣೆಯಿಂದ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು. ಆದರೆ ಬೈಕನ್ನು ತಾವೇ ಮೂಲೆಯಲ್ಲಿ ನಿಲ್ಲಿಸಿ ಕೀಲಿಯನ್ನು ಕಿಸೆಗಿಳಿಸಿಕೊಂಡವರು ಈ ತೀರ್ಪನ್ನು ನಂಬಿ ನಿದ್ರಿಸುವಂತಿಲ್ಲ.

ಕಳವೇ ಆದರೆ? ಮೊದಲ ಕೆಲಸ ಪೊಲೀಸು ಠಾಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಯನಾಡಿನಿಂದ ಗೂಡಲೂರಿಗೆ ದಾಟಿದ ಕೂಡಲೇ ದೂರು ತಮಿಳಿನಲ್ಲಿ ಬರೆಯಲ್ಪಡುತ್ತದೆ; ಆ ಲಿಪಿ ಬಾರದವರು ಓದಿಸಿ ಕೇಳದೆ ಸಹಿ ಹಾಕಬಾರದು. ನೋಂದಣಿ, ಚಾಸಿಸ್, ಎಂಜಿನ್ ಸಂಖ್ಯೆಗಳು ಬೈಕಿನ ಚೀಲದಲ್ಲಲ್ಲ, ಕಿಸೆಯ ಪುಸ್ತಕದಲ್ಲಿರಲಿ.

ವಿಮೆಯ ಮಾತು ಮನೆಯಲ್ಲಿಯೇ ಆಗಬೇಕು. ಮೂರನೆಯ ವ್ಯಕ್ತಿಯ ವಿಮೆಯಷ್ಟೇ ಇದ್ದರೆ ಕಳವಿಗೆ ಚಿಕ್ಕಾಸೂ ಸಿಗುವುದಿಲ್ಲ. ಸಮಗ್ರ ವಿಮೆಯಿದ್ದರೂ ಹಣ ಕೇಳುವಾಗ ಕಂಪನಿಯವರು ಸಾಮಾನ್ಯವಾಗಿ ಎರಡೂ ಮೂಲ ಕೀಲಿಗಳನ್ನು ತರಹೇಳುತ್ತಾರೆ. ಆ ಎರಡನೆಯ ಕೀಲಿ ಹೆಚ್ಚಿನ ಮನೆಗಳಲ್ಲಿ ಹೊಸ ಬೈಕು ಬಂದ ವಾರವೇ ಎಲ್ಲೋ ಸೇರಿಹೋಗಿರುತ್ತದೆ. ಹೊರಡುವ ಹಿಂದಿನ ಸಂಜೆ ಅದನ್ನು ಹುಡುಕಿ ತೆಗೆದು ತಾಯಿಯ ಕೈಗೆ ಕೊಟ್ಟು ಹೋಗಬೇಕು.