ವಾಯುಗುಣದ ನೀತಿಯೂ ನಮ್ಮ ಮಕ್ಕಳೂ

ಮಳೆಬೆಳೆಗಳ ಚಿಂತೆ ಹಿರಿಯರದು, ಆಟಪಾಠಗಳ ಚಿಂತೆ ಮಕ್ಕಳದು ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿರುವುದು. ಈ ಭಾವನೆಯು ಸರಿಯಾದುದಲ್ಲ. ಮಳೆ ತಪ್ಪಿದ ವರ್ಷ ಕೊಡವನ್ನು ಹೊತ್ತು ದೂರದ ಬಾವಿಗೆ ಹೊರಡತಕ್ಕವಳು ಮನೆಯ ಹುಡುಗಿ. ಬೆಳೆ ಕೆಟ್ಟ ವರ್ಷ ಎಲ್ಲರಿಗಿಂತ ಮೊದಲು ಪಾಠಶಾಲೆಯನ್ನು ಬಿಡತಕ್ಕವಳೂ ಅನೇಕ ವೇಳೆ ಅವಳೇ. ಆದುದರಿಂದ ವಾಯುಗುಣವನ್ನು ಕುರಿತ ರಾಜ್ಯನೀತಿಯು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ನೀತಿಯೂ ಆಗಿದೆಯೆಂದು ಹೇಳಬೇಕಾಗಿದೆ.

ನಮ್ಮ ಹಾಸನದ ಸೀಮೆಯನ್ನೇ ನೋಡೋಣ. ಪಡುವಲಲ್ಲಿ ಸಕಲೇಶಪುರದ ಮಲೆನಾಡು, ಮೂಡಲಲ್ಲಿ ಚನ್ನರಾಯಪಟ್ಟಣದ ಕೆರೆ ತೆಂಗುಗಳ ಬಯಲು. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯು ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವಳು. ಅರಕಲಗೂಡಿನ ರಾಮನಾಥಪುರಕ್ಕೆ ಕಾವೇರಿಯೇ ಆಶ್ರಯ. 2018ರ ಆಗಸ್ಟಿನಲ್ಲಿ ಅತಿವೃಷ್ಟಿಯಿಂದ ಸಕಲೇಶಪುರದ ಘಟ್ಟದಲ್ಲಿ ಗುಡ್ಡಗಳು ಕುಸಿದು ರೈಲಿನ ಸಂಚಾರವೇ ನಿಂತುಹೋಯಿತು. 2023ರಲ್ಲಿಯಾದರೋ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರದವರು ಸಾರಬೇಕಾಯಿತು. ಆಲೂಗೆಡ್ಡೆಯ ಬೇಸಾಯಗಾರನಿಗೆ ಮಳೆ ಬಾರದಿದ್ದರೂ ನಷ್ಟ, ಬಿಡದೆ ಸುರಿದು ಅಂಗಮಾರಿ ತಗುಲಿದರೂ ನಷ್ಟ.

ಬರ ನೆರೆಗಳು ಹಿಂದೆಯೂ ಇದ್ದವು. ಪ್ರತಿಯೊಂದು ಬರಕ್ಕೂ ಹೊಸ ಕಾರಣವನ್ನು ಹುಡುಕುವುದು ನ್ಯಾಯವಲ್ಲ. ಆದರೆ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದುದರಿಂದ ಗಾಳಿಯಲ್ಲಿ ಇಂಗಾಲಾಮ್ಲವು ಹೆಚ್ಚಿ, ಭೂಮಿಯ ಕಾವು ಏರುತ್ತಿರುವುದೆಂಬುದು ಶಾಸ್ತ್ರಜ್ಞರೆಲ್ಲರೂ ಒಪ್ಪಿದ ವಿಷಯ. ಕಾವೇರಿದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುವುದರಿಂದ ಮಳೆಯು ಹದವರಿತು ಬೀಳದೆ, ಬಿದ್ದಾಗ ಭೋರೆಂದು ಸುರಿಯುವ ಸಂಭವವು ಹೆಚ್ಚುವುದು. ಮಳೆ ಕೈಕೊಟ್ಟಾಗ ನೆಲವೂ ಮೊದಲಿಗಿಂತ ಬೇಗ ಒಣಗುವುದು.

ಭಾರತ ಸರ್ಕಾರದವರು ಇದನ್ನು ಅರಿಯದೆ ಇಲ್ಲ. 2008ರ ಜೂನ್ 30ರಂದು ಪ್ರಕಟವಾದ ರಾಷ್ಟ್ರೀಯ ಕಾರ್ಯಯೋಜನೆಯಲ್ಲಿ ಸೌರಶಕ್ತಿ, ಶಕ್ತಿಯ ಮಿತವ್ಯಯ, ನಗರವಾಸ, ಜಲ, ಹಿಮಾಲಯ, ವನವೃದ್ಧಿ, ಬೇಸಾಯ, ಜ್ಞಾನಸಂಗ್ರಹ ಎಂಬ ಎಂಟು ಅಂಗಗಳಿದ್ದವು. ಎಲ್ಲವೂ ಅವಶ್ಯಕವಾದುವೇ. ಆದರೆ ಮಗುವಿಗೆಂದು ಒಂದು ಅಂಗವಿರಲಿಲ್ಲ. 2021ರಲ್ಲಿ ಯೂನಿಸೆಫ್ ಸಂಸ್ಥೆಯು ಮಕ್ಕಳಿಗೆ ಅತ್ಯಂತ ಅಪಾಯವುಳ್ಳ 33 ದೇಶಗಳನ್ನು ಗುರುತಿಸಿದಾಗ ಅವುಗಳಲ್ಲಿ ಭಾರತವೂ ಸೇರಿತ್ತು. ಅದೇ ವರ್ಷ ಗ್ಲಾಸ್ಗೋ ನಗರದಲ್ಲಿ ನಮ್ಮ ದೇಶವು 2070ನೆಯ ಇಸವಿಯ ವೇಳೆಗೆ ನಿವ್ವಳ ಹೊಗೆಯನ್ನು ಸೊನ್ನೆಗೆ ಇಳಿಸುವೆನೆಂದು ಮಾತು ಕೊಟ್ಟಿತು. ಈಗ ಒಂದನೆಯ ತರಗತಿಯಲ್ಲಿರುವ ಬಾಲಕಿಯು ಆ ವೇಳೆಗೆ ಐವತ್ತರ ಆಸುಪಾಸಿನ ಹೆಂಗಸಾಗಿರುವಳು. ಅಷ್ಟರವರೆಗೆ ಅವಳ ಬಾಲ್ಯವು ಕಾದಿರುವುದೇ?

ಮಕ್ಕಳೂ ಈ ಪ್ರಶ್ನೆಯನ್ನು ಕೇಳಿದ್ದಾರೆ. 2017ರಲ್ಲಿ ಉತ್ತರಾಖಂಡದ ಒಂಬತ್ತು ವರ್ಷದ ರಿಧಿಮಾ ಪಾಂಡೆ ಎಂಬ ಬಾಲಕಿಯು ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಅರ್ಜಿ ಸಲ್ಲಿಸಿದಳು. 2019ರಲ್ಲಿ ಅದು ವಜಾ ಆಯಿತು. ಆದರೆ 2024ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಯುಗುಣದ ಕೇಡಿನಿಂದ ಮುಕ್ತರಾಗಿ ಬಾಳುವುದು ಪ್ರಜೆಗಳ ಮೂಲಭೂತ ಹಕ್ಕೆಂದು ಅಂಗೀಕರಿಸಿತು.

ಮೊದಲು ಹೊಗೆಯೆಬ್ಬಿಸಿದವರು ಪಾಶ್ಚಾತ್ಯರು, ಬಡದೇಶವಾದ ನಾವೇಕೆ ವೆಚ್ಚವನ್ನು ಹೊರಬೇಕೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ತಲೆಯೊಂದಕ್ಕೆ ನಮ್ಮ ಪಾಲಿನ ಹೊಗೆಯು ಪ್ರಪಂಚದ ಸರಾಸರಿಗಿಂತ ಕಡಿಮೆಯೇ. ಆದರೆ ಆ ವ್ಯಾಜ್ಯವು ಪರದೇಶಗಳೊಡನೆ ನಡೆಯತಕ್ಕದ್ದು. ನೆರೆಮನೆಯವನ ಸಾಲ ವಸೂಲಾಗುವವರೆಗೆ ನಮ್ಮ ಸೋರುವ ಮಾಡಿಗೆ ಹೆಂಚು ಹೊದಿಸುವುದಿಲ್ಲವೆನ್ನುವುದು ವಿವೇಕವಾಗಲಾರದು.

ಮಕ್ಕಳನ್ನು ಕಾಪಾಡುವುದು ಅಸಾಧ್ಯವೂ ಅಲ್ಲ. ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜಾದಲ್ಲಿಯೂ ಶಾಲಾಮಕ್ಕಳಿಗೆ ಊಟ ಕೊಡಬೇಕೆಂದು 2004ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 2024ರ ರಜಾದಲ್ಲಿ ನಮ್ಮ ರಾಜ್ಯದ ಬರದ ತಾಲ್ಲೂಕುಗಳಲ್ಲಿ ಬಿಸಿಯೂಟ ನಡೆಯಿತು. ಬರವನ್ನು ಸಾರಿದೊಡನೆ ಮಗುವಿನ ತಟ್ಟೆಯನ್ನು ನೆನೆಯುವ ಈ ನಿಯಮವೇ ನಮಗೆ ಮಾದರಿ. ಇದರಂತೆಯೇ, ಬರ ಸಾರಿದ ತಾಲ್ಲೂಕಿನಲ್ಲಿ ಶಾಲೆ ಬಿಟ್ಟ ಹುಡುಗಿಯರ ಎಣಿಕೆ ನಡೆಯಬೇಕು. ಅವರಿಗೆ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಹೆಚ್ಚಬೇಕು. ಪ್ರತಿ ಶಾಲೆಯ ಮಾಡಿನ ಮಳೆನೀರು ತೊಟ್ಟಿಗೆ ಇಳಿಯಬೇಕು. ಬಿಸಿಲಿನ ತೀಕ್ಷ್ಣತೆಗೆ ತಕ್ಕಂತೆ ಪಾಠದ ವೇಳೆ ಬದಲಾಗಬೇಕು. ಇವೆಲ್ಲ ಸರ್ಕಾರದ ಕೆಲಸಗಳು. ನಮ್ಮ ಕೆಲಸವೂ ಉಂಟು: ಅರಕಲಗೂಡಿನ ಕಡೆ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು ನುಂಗುವ ಸೌದೆಯನ್ನೂ, ಚನ್ನರಾಯಪಟ್ಟಣದ ಕೆರೆಗಳಲ್ಲಿ ತುಂಬಿರುವ ಹೂಳನ್ನೂ ಕುರಿತು ದೆಹಲಿಯವರು ಬಂದು ಯೋಚಿಸಲಾರರು.

ವಾಚಕ ಮಹಾಶಯರೇ, ಸಹೋದರಿಯರೇ, ಮತ ಕೇಳಲು ಬರುವವರನ್ನು ರಸ್ತೆ ದೀಪಗಳ ವಿಷಯವಾಗಿ ನಾವು ತಪ್ಪದೆ ಪ್ರಶ್ನಿಸುತ್ತೇವೆ. ಮುಂದಿನ ಬರದಲ್ಲಿ ನಮ್ಮೂರಿನ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು ಏನು ಮಾಡಿರುವಿರೆಂದು ಇನ್ನು ಮೇಲೆ ಅದರೊಡನೆಯೇ ಕೇಳೋಣ.